ಸೃಜನಶೀಲ ಹೊಳಹು: ಸಕಲೇಶಪುರ–ಆಲೂರು ಸೀಮೆಯ ಸಾಕ್ಷ್ಯ

ಕಥೆ, ಹಾಡು, ಶಿಲ್ಪ, ಬೇಸಾಯ, ಕೋಟೆ, ಆಡಳಿತ, ಯಾವುದರಲ್ಲೇ ಆಗಲಿ ಹಿಂದೆ ಯಾರೂ ಮಾಡದ ರೀತಿಯೊಂದು ಹೊಳೆದು ಅದು ಬಳಕೆಗೂ ಬಂದರೆ ಅದನ್ನು ಸೃಜನಶೀಲ ಹೊಳಹು ಎನ್ನುತ್ತಾರೆ. ಅದು ಎಲ್ಲಿಂದ ಬರುತ್ತದೆ, ಬೇಕೆಂದಾಗ ಹುಡುಕಿಕೊಳ್ಳಲು ಆಗುತ್ತದೆಯೇ ಎಂಬ ಪ್ರಶ್ನೆ ಅಲಂಕಾರಶಾಸ್ತ್ರದಷ್ಟೇ ಹಳೆಯದು. ಇದನ್ನು ಒಂದು ಸೀಮೆಯ ನೆಲದ ಮೇಲೆ ನಿಂತು ನೋಡುವುದು ಲೇಸು. ಹಾಸನ ಜಿಲ್ಲೆಯ ಪಶ್ಚಿಮದಲ್ಲಿ, ಘಟ್ಟದ ನೆತ್ತಿಯಿಂದ ಬಯಲಿನ ಕಡೆಗೆ ಇಳಿಯುವ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳು ಅದಕ್ಕೆ ಚೆನ್ನಾಗಿ ಒದಗುತ್ತವೆ. ಹೇಮಾವತಿ ಹರಿಯುವ, ಕಾಫಿ, ಏಲಕ್ಕಿ, ಮೆಣಸು, ಭತ್ತ ಬೆಳೆಯುವ ಈ ಗುಡ್ಡಗಾಡಿನ ಬಹುಭಾಗ ಹಿಂದೆ ಮಂಜರಾಬಾದ್ ಎನಿಸಿಕೊಂಡಿತ್ತು. ಇಲ್ಲಿಯೂ ಇದರ ನೆರೆಯಲ್ಲಿಯೂ ಹುಟ್ಟಿದ ಹೊಸತುಗಳನ್ನು ನೋಡಿದರೆ, ಅವನ್ನು ತಂದವರು ಊರಲ್ಲಿ ಆಗಲೇ ಇದ್ದ ಒಂದು ವಸ್ತುವನ್ನೋ ಮಾತನ್ನೋ ಚೆನ್ನಾಗಿ ಬಲ್ಲವರು. ಅದನ್ನು ಅದರ ವಾಡಿಕೆಯ ಕೆಲಸದಿಂದ ಬಿಡಿಸಿ ಬೇರೆ ಕೆಲಸಕ್ಕೆ ಹೂಡಿದವರು.

ಶಾಸ್ತ್ರಕಾರರು ಹೇಳಿದ್ದು

ದಂಡಿಯು ಕಾವ್ಯಕ್ಕೆ ಮೂರು ಕಾರಣಗಳನ್ನು ಹೇಳಿದ: ಹುಟ್ಟಿನಿಂದ ಬಂದ ಪ್ರತಿಭೆ, ಬಹಳ ಕೇಳಿ ಓದಿ ಪಡೆದ ತಿಳಿವು, ಬಿಡದ ಅಭ್ಯಾಸ. ಅದಕ್ಕಿಂತ ಮುಖ್ಯವಾದ ಮಾತನ್ನು ಅವನು ಅದರ ಬೆನ್ನಿಗೇ ಹೇಳುತ್ತಾನೆ: ಸಹಜ ಪ್ರತಿಭೆ ಇಲ್ಲದವನೂ ತಿಳಿವು ಮತ್ತು ಯತ್ನಗಳಿಂದ ವಾಗ್ದೇವಿಯನ್ನು ಸೇವಿಸಿದರೆ ಅವಳು ಏನಾದರೂ ಅನುಗ್ರಹಿಸಿಯೇ ತೀರುತ್ತಾಳೆ. ಮಮ್ಮಟನು ಕವಿಯ ನಿಪುಣತೆ ಯಾವುದನ್ನು ಗಮನಿಸುವುದರಿಂದ ಬರುತ್ತದೆ ಎಂದು ಹೇಳುವಾಗ ಲೋಕವನ್ನು ಮೊದಲು ಇಟ್ಟು, ಶಾಸ್ತ್ರವನ್ನೂ ಕಾವ್ಯವನ್ನೂ ಆಮೇಲೆ ಇಟ್ಟಿದ್ದಾನೆ. ಆ ಕ್ರಮ ಸರಿಯೆಂಬುದಕ್ಕೆ ಮುಂದಿನ ಉದಾಹರಣೆಗಳೇ ಸಾಕ್ಷಿ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವಂತೂ ಈ ನಾಡಿನ ಜನ ಕಾವ್ಯವನ್ನು ಓದಿ ಕಲಿಯದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರು ಎಂದು ಮೆಚ್ಚಿ ಹೇಳಿದೆ.

ಪಶ್ಚಿಮದಲ್ಲಿ ಈ ಕುರಿತು ಹೆಚ್ಚು ಬಳಕೆಯಲ್ಲಿರುವುದು ಇಂಗ್ಲೆಂಡಿನ ಗ್ರಹಾಂ ವಾಲಸ್ 1926ರಲ್ಲಿ ವಿವರಿಸಿದ ನಾಲ್ಕು ಹಂತಗಳು: ಸಿದ್ಧತೆ, ಒಳಗೇ ಮಾಗುವಿಕೆ, ಥಟ್ಟನೆ ಹೊಳೆಯುವಿಕೆ, ಪರೀಕ್ಷೆ. ಇವುಗಳಲ್ಲಿ ಎರಡನೆಯದನ್ನು ನಂಬುವುದು ಎಲ್ಲರಿಗೂ ಕಷ್ಟ. ಏಕೆಂದರೆ ಆ ಹಂತದಲ್ಲಿ ಹೊರಗೆ ಕಾಣುವ ಕೆಲಸವೇ ಇರುವುದಿಲ್ಲ. ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರೇಬಿಕಾ ಗಿಡದ ಮೊಗ್ಗು ಒಂದು ಹಂತದವರೆಗೆ ಬೆಳೆದು ಬೇಸಗೆಯ ಒಣಹವೆಯಲ್ಲಿ ಸುಮ್ಮನೆ ನಿಲ್ಲುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಹತ್ತು ದಿನದ ಒಳಗೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಒಣಗಿ ನಿಂತ ಆ ದಿನಗಳು ಇಲ್ಲದಿದ್ದರೆ ಹೂವು ಒಮ್ಮೆಗೇ ಅರಳುವುದಿಲ್ಲ. ಹೂ ಬಂದ ಮೇಲೆ ಕೆಲವು ವಾರಗಳಲ್ಲಿ ಇನ್ನೊಂದು ಮಳೆ ಬರದಿದ್ದರೆ ಕಾಯಿ ಕಟ್ಟುವುದೂ ಕಷ್ಟ. ಹೊಳೆದದ್ದನ್ನು ಕೆಲಸವಾಗಿಸಲು ಬೇಕಾದ ಎರಡನೆಯ ಸುತ್ತಿನ ದುಡಿಮೆಯೂ ಹಾಗೆಯೇ.

ಕೆಂಚಮ್ಮನಿಂದ ಕಾಂತಾಪುರಕ್ಕೆ

ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆ ಹೋಬಳಿಯ ಹರಿಹಳ್ಳಿಯಲ್ಲಿ ಕೆಂಚಮ್ಮನ ಗುಡಿ ಇದೆ. ಸುತ್ತಲ ಹಳ್ಳಿಗಳಿಗೆ ಅವಳು ಕಾಯುವ ತಾಯಿ. ಈ ಗ್ರಾಮದೇವತೆ 1938ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಇಂಗ್ಲಿಷ್ ಕಾದಂಬರಿಯ ಹೃದಯದಲ್ಲಿ ಕುಳಿತಿದ್ದಾಳೆ. ಅದು ರಾಜಾ ರಾವ್ ಅವರ ‘ಕಾಂತಾಪುರ’.

ರಾಜಾ ರಾವ್ ಹುಟ್ಟಿದ್ದು 1908ರಲ್ಲಿ ಹಾಸನದಲ್ಲಿ. ತಂದೆ ಹೈದರಾಬಾದಿನ ನಿಜಾಂ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದರು. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡ ಹುಡುಗ ಅಜ್ಜನ ಜೊತೆ ಹಾಸನ, ಹರಿಹಳ್ಳಿಗಳಲ್ಲಿ ಬೆಳೆದ. ಮುಂದೆ ಹೈದರಾಬಾದ್, ಅಲೀಘರ್, ಅಲ್ಲಿಂದ 1929ರಲ್ಲಿ ಫ್ರಾನ್ಸಿನ ಮಾಂಟ್‌ಪೆಲಿಯೆ. 1930ರ ದಶಕದ ಮೊದಲಲ್ಲಿ ಧಾರವಾಡದ ‘ಜಯಕರ್ನಾಟಕ’ ಪತ್ರಿಕೆಗೆ ಕನ್ನಡದಲ್ಲೂ ಬರೆದರು. ಕಾದಂಬರಿ ಬರೆದದ್ದು ಫ್ರಾನ್ಸಿನಲ್ಲಿದ್ದಾಗ, ಊರಿನಿಂದ ಸಾವಿರಾರು ಮೈಲಿ ಆಚೆ.

ಆ ಕಾದಂಬರಿಯಲ್ಲಿ ಅವರು ಹೊಸದಾಗಿ ಕಲ್ಪಿಸಿದ್ದೆಷ್ಟು, ಊರಿನಿಂದ ತೆಗೆದುಕೊಂಡದ್ದೆಷ್ಟು ಎಂದು ನೋಡುವುದು ಬಹಳ ಉಪಯುಕ್ತ. ದೇವತೆಯ ಹೆಸರು ಕೆಂಚಮ್ಮ, ಹಾಗೆಯೇ ಉಳಿದಿದೆ. ಹೇಮಾವತಿ ಹೆಸರು ತುಸು ಬದಲಾಗಿ ಹಿಮವತಿ ಆಗಿದ್ದಾಳೆ. ಏಲಕ್ಕಿ, ಕಾಫಿ ಹೇರಿಕೊಂಡು ಘಟ್ಟ ಇಳಿದು ಕಡಲತಡಿಗೆ ಹೋಗುವ ಗಾಡಿಗಳ ಸಾಲು ಮಂಜರಾಬಾದಿನ ದಾರಿಗಳಲ್ಲಿ ನಿತ್ಯ ಕಾಣುತ್ತಿದ್ದದ್ದೇ. ಬಿಳಿಯ ದೊರೆಯ ಕಾಫಿ ತೋಟ, ಗುಂಪುಗುಂಪಾಗಿ ಬಂದು ಸೇರುವ ಕೂಲಿಯಾಳುಗಳು, ಮೇಸ್ತ್ರಿಯ ದರ್ಪ, ಇವೆಲ್ಲ ಈ ಸೀಮೆಯ ನೂರು ವರ್ಷದ ಅನುಭವ. ರಕ್ಕಸನನ್ನು ದೇವಿ ಕೊಂದಾಗ ಹರಿದ ರಕ್ತದಿಂದ ಗುಡ್ಡದ ಮಣ್ಣು ಕೆಂಪಾಯಿತು ಎಂಬಂಥ ಸ್ಥಳಪುರಾಣ ಮಲೆನಾಡಿನ ಯಾವ ಅಜ್ಜಿಯ ಬಾಯಲ್ಲೂ ಸಿಗಬಹುದು.

ಹೊಸದು ಇದ್ದದ್ದು ಹೇಳುವ ಬಗೆಯಲ್ಲಿ. ಊರ ಮುದುಕಿ ಅಚ್ಚಕ್ಕ ಜಗಲಿಯ ಮೇಲೆ ಕುಳಿತು ಸಂಜೆ ಹೊತ್ತು ಹೇಳುವ ಹಾಗೆ ಇಡೀ ಸ್ವಾತಂತ್ರ್ಯ ಚಳವಳಿಯ ಕಥೆ ನಡೆಯುತ್ತದೆ. ಒಂದರ ಬೆನ್ನಿಗೊಂದು ಸೇರಿಕೊಂಡು ಉಸಿರು ಬಿಡದೆ ಓಡುವ ವಾಕ್ಯಗಳು, ನಡುನಡುವೆ ದೇವರ ಹೆಸರು, ಮನೆಯ ಗುರುತಿನಿಂದ ಕರೆಯುವ ಜನ, ಇದು ಇಂಗ್ಲಿಷಿನಲ್ಲಿ ಅದುವರೆಗೆ ಇರಲಿಲ್ಲ. ಕನ್ನಡದ ಜಗಲಿಯಲ್ಲಿ ಮಾತ್ರ ಎಂದಿನಿಂದಲೂ ಇತ್ತು. ಸ್ಥಳಪುರಾಣವಿಲ್ಲದ ಹಳ್ಳಿಯೇ ಈ ದೇಶದಲ್ಲಿಲ್ಲ ಎಂಬ ಅರ್ಥದ ಮಾತಿನಿಂದ ಶುರುವಾಗುವ ಅವರ ಮುನ್ನುಡಿ, ನಮ್ಮದಲ್ಲದ ನುಡಿಯಲ್ಲಿ ನಮ್ಮ ಜೀವನದ ಲಯವನ್ನು ಹೇಗೆ ಹಿಡಿಯಬೇಕೆಂಬ ಸಂಕಟವನ್ನು ನೇರವಾಗಿ ಎದುರಿಸುತ್ತದೆ. ಕಾದಂಬರಿಯೊಳಗೂ ಇದೇ ಕೆಲಸ ನಡೆಯುತ್ತದೆ. ಹರಿಕಥೆಯ ದಾಸರು ಪುರಾಣದ ಚೌಕಟ್ಟಿನಲ್ಲೇ ಗಾಂಧೀಜಿಯನ್ನು ತಂದು ಕೂರಿಸುತ್ತಾರೆ. ಜನರಿಗೆ ಕಾಂಗ್ರೆಸ್ ಅರ್ಥವಾಗುವುದು ಆ ದಾರಿಯಲ್ಲಿ. ಮೂರ್ತಿ ಎಂಬ ಯುವಕನಿಗೆ ಮಣ್ಣಿನಲ್ಲಿ ಅರ್ಧ ಹೂತ ಲಿಂಗ ಸಿಕ್ಕಿ, ಅದಕ್ಕೊಂದು ಗುಡಿ ಎದ್ದು, ಗುಡಿಯ ಭಜನೆಯಿಂದಲೇ ಚಳವಳಿ ಬೆಳೆಯುತ್ತದೆ.

ಹರಿಹಳ್ಳಿಯಲ್ಲೇ ಉಳಿದಿದ್ದರೆ ರಾಜಾ ರಾವ್ ಅವರಿಗೆ ಕೆಂಚಮ್ಮ ನಿತ್ಯದ ದೇವರಾಗಿಯೇ ಉಳಿಯುತ್ತಿದ್ದಳು. ಫ್ರಾನ್ಸಿನಲ್ಲೇ ಹುಟ್ಟಿ ಬೆಳೆದಿದ್ದರೆ ಹೇಳಲು ಅಚ್ಚಕ್ಕನೇ ಇರುತ್ತಿರಲಿಲ್ಲ. ಬಾಲ್ಯದ ಆಳವಾದ ಪರಿಚಯ, ಆಮೇಲಿನ ದೂರ, ಎರಡೂ ಕೂಡಿದ ಕಡೆ ಆ ಪುಸ್ತಕ ಹುಟ್ಟಿತು. ಹೊಳಹಿನ ಮೂಲವನ್ನು ಕುರಿತ ಎಷ್ಟೋ ಸಿದ್ಧಾಂತಗಳಿಗಿಂತ ಈ ಒಂದು ಪುಸ್ತಕ ಹೆಚ್ಚು ಕಲಿಸುತ್ತದೆ. ಆಲೂರು ಸೀಮೆಯ ಶಾಲೆಗಳಲ್ಲಿ ಮಕ್ಕಳಿಗೆ ಇದರ ಕಥೆಯನ್ನು ಹೇಳಲೇಬೇಕು.

ಹಾಡು ಕಲೆಹಾಕಿದವರು

‘ಜಾನಪದ ಜಂಗಮ’ ಎಂದೇ ಹೆಸರಾದ ಎಸ್.ಕೆ. ಕರೀಂಖಾನ್ ಅವರ ಹೆಸರಿನಲ್ಲಿರುವ ಮೊದಲ ಅಕ್ಷರ ಸಕಲೇಶಪುರದ್ದು. ಸ್ವಾತಂತ್ರ್ಯ ಹೋರಾಟದಲ್ಲಿ ದುಡಿದ ಅವರು ಹಳ್ಳಿಹಳ್ಳಿ ತಿರುಗಿ ಜನಪದ ಗೀತೆಗಳನ್ನು ಕೇಳಿ, ನೆನಪಿನಲ್ಲಿಟ್ಟುಕೊಂಡು, ಊರೂರಿನ ವೇದಿಕೆಗಳಲ್ಲಿ ವಿವರಿಸಿ ಹಾಡಿದರು. 1962ರ ‘ಸ್ವರ್ಣಗೌರಿ’ ಮೊದಲಾದ ಚಲನಚಿತ್ರಗಳಿಗೆ ಹಾಡು ಬರೆದರು. 2006ರಲ್ಲಿ ತೀರಿಕೊಳ್ಳುವವರೆಗೂ ಅವರ ಸಂಪತ್ತು ಎಂದರೆ ಕಿವಿಯಿಂದ ಸಂಪಾದಿಸಿದ್ದೇ.

ಸೋಬಾನೆ ಹೇಳುವ ಹೆಂಗಸರ ಜೊತೆ ಸ್ವಲ್ಪ ಹೊತ್ತು ಕುಳಿತರೆ ಜನಪದದಲ್ಲಿ ಹೊಸದು ಹೇಗೆ ಸೇರುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಪಲ್ಲವಿ ಎಲ್ಲರಿಗೂ ಗೊತ್ತಿರುವುದು. ಮುಂದಾಳು ಒಂದು ಸಾಲು ಎತ್ತಿಕೊಡುತ್ತಾಳೆ. ಉಳಿದವರು ಅದನ್ನು ಹಿಡಿದು ಹೇಳುವಷ್ಟು ಹೊತ್ತು ಅವಳಿಗೆ ಮುಂದಿನ ಸಾಲು ಹೊಂದಿಸಲು ಸಿಗುವ ಸಮಯ. ಅಷ್ಟರಲ್ಲಿ ಮದುಮಗಳ ಹೆಸರು, ಅವಳು ಹೋಗಲಿರುವ ಊರು, ಬೀಗರ ಮನೆಯ ಜಂಭ, ಎದುರಿಗೇ ಕೂತ ಸೋದರಮಾವ, ಎಲ್ಲ ಹಾಡಿನೊಳಗೆ ಬಂದುಬಿಡುತ್ತವೆ. ಚೌಕಟ್ಟು ಗಟ್ಟಿಯಾಗಿ ಇರುವುದರಿಂದಲೇ ಅವಳು ನಿರ್ಭಯವಾಗಿ ಹೊಸ ಮಾತು ಹೊಂದಿಸಬಲ್ಲಳು. ಮಲೆನಾಡಿನ ಸುಗ್ಗಿ ಹಬ್ಬದ ಕುಣಿತ, ಗದ್ದೆ ನಾಟಿಯ ಪದ, ಎರಡರಲ್ಲೂ ಇದೇ ಕ್ರಮ. ನಾಟಿಯ ಗದ್ದೆಗಳು ಕಡಿಮೆಯಾಗುತ್ತಿರುವುದರಿಂದ ಆ ಪದಗಳೂ ಕಡಿಮೆಯಾಗುತ್ತಿವೆ. ಹಾಡುವ ಅಜ್ಜಿಯರು ಇರುವಾಗಲೇ ಧ್ವನಿಮುದ್ರಣ ಮಾಡಿಕೊಳ್ಳುವುದು ತುರ್ತಿನ ಕೆಲಸ.

ತೋಟದಲ್ಲಿ ಹುಟ್ಟಿದ ಅರಿವು

ಸೃಜನಶೀಲತೆ ಎಂದರೆ ಕಲೆ ಎಂದೇ ಭಾವಿಸುವುದು ದೊಡ್ಡ ತಪ್ಪು. ಮರದ ನೆರಳಿನಲ್ಲಿ ಕಾಫಿ ಬೆಳೆಯುವ ಪದ್ಧತಿ ಈ ಗುಡ್ಡಗಳು ಕಂಡ ಅತ್ಯಂತ ಸೃಜನಶೀಲ ಸಾಧನೆಗಳಲ್ಲಿ ಒಂದು. 1850ರ ದಶಕದ ನಡುವಿನಲ್ಲಿ ಮಂಜರಾಬಾದಿಗೆ ಬಂದು ತೋಟ ಕಟ್ಟಿದ ರಾಬರ್ಟ್ ಎಲಿಯಟ್ ತಮ್ಮ ಅನುಭವವನ್ನು 1871 ಮತ್ತು 1894ರ ಎರಡು ಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ. ಕಾಡು ಪೂರ್ತಿ ಕಡಿದು ಬಿಸಿಲಿಗೆ ಒಡ್ಡಿದ ಕಡೆ ಕಾಂಡಕೊರಕ ಹುಳು ಗಿಡಗಳನ್ನು ಸಾಲುಸಾಲಾಗಿ ಕೊಂದಿತು. ಯಾವ ಮರದ ನೆರಳು ಕಾಫಿಗೆ ಹಿತ, ಯಾವುದು ಅಹಿತ ಎಂಬುದನ್ನು ಎಲಿಯಟ್ ವಿವರವಾಗಿ ಚರ್ಚಿಸುತ್ತಾರೆ. ಅಲ್ಲಿ ಬರುವ ಮರಗಳ ಹೆಸರು ಬಸರಿ, ಗೋಣಿ, ಅತ್ತಿ, ಎಲ್ಲ ಅಚ್ಚ ಕನ್ನಡ. ಆ ಮರಗಳನ್ನು ಹೆಸರು ಹಿಡಿದು ಬಲ್ಲವರು ಊರ ಜನ. ಪುಸ್ತಕದಲ್ಲಿ ಅವರ ಹೆಸರಿಲ್ಲ, ಅವರ ಮಾತು ಇದೆ.

ಆ ಅರಿವು ಇಂದಿಗೂ ಕೈಯಲ್ಲೇ ಉಳಿದಿದೆ. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡುವವನು ಕತ್ತಿ ಸೊಂಟಕ್ಕೆ ಸಿಕ್ಕಿಸಿ ಮರ ಹತ್ತುತ್ತಾನೆ. ಮೇಲೆ ನಿಂತು ಕೊಂಬೆಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಕೆಳಗೆ ಕಾಫಿ ಗಿಡದ ಮೇಲೆ ಬಿದ್ದ ಬೆಳಕಿನ ಮಚ್ಚೆಗಳನ್ನು ನೋಡುತ್ತಾನೆ. ಎಲ್ಲಿ ಕತ್ತಲು ದಟ್ಟವಾಗಿದೆಯೋ ಅದರ ನೇರಕ್ಕಿರುವ ಕೊಂಬೆಗೆ ಕತ್ತಿ ಬೀಳುತ್ತದೆ. ಬಿದ್ದ ಕೊಂಬೆ ಗಿಡದ ರೆಕ್ಕೆ ಮುರಿಯದಂತೆ ಸಾಲಿನ ನಡುವೆ ಇಳಿಯಬೇಕು. ಎಲ್ಲಿ ನಿಲ್ಲಿಸಬೇಕೆಂಬುದನ್ನು ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ. ಪ್ರತಿ ಮರಕ್ಕೂ ಉತ್ತರ ಬೇರೆ.

ಎಲಿಯಟ್ ಅವರ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಸ್ಕಾಟ್ಲೆಂಡಿನ ತಮ್ಮ ಕ್ಲಿಫ್ಟನ್ ಪಾರ್ಕ್ ಜಮೀನಿನಲ್ಲಿ ಅವರು ಆಳಕ್ಕೆ ಬೇರು ಬಿಡುವ ಸಸ್ಯಗಳನ್ನು ಹುಲ್ಲಿನ ಜೊತೆ ಬೆರೆಸಿ ಬಿತ್ತಿ, ಸತ್ವ ಕಳೆದುಕೊಂಡ ಮಣ್ಣನ್ನು ಹದಕ್ಕೆ ತರುವ ಪದ್ಧತಿಯೊಂದನ್ನು ರೂಪಿಸಿದರು. 1898ರಲ್ಲಿ ಅದರ ಬಗ್ಗೆ ಬರೆದ ಪುಸ್ತಕ ಮುಂದೆ ಸಾವಯವ ಕೃಷಿಯ ಚಿಂತಕರಿಗೆ ಆಧಾರಗ್ರಂಥವಾಯಿತು. ಮಂಜರಾಬಾದಿನ ತೋಟದಲ್ಲೂ ಸ್ಕಾಟ್ಲೆಂಡಿನ ಹುಲ್ಲುಗಾವಲಲ್ಲೂ ಅವರನ್ನು ಕಾಡಿದ ಪ್ರಶ್ನೆ ಮಣ್ಣಿನ ಸತ್ವದ್ದೇ.

ಇದ್ದದ್ದನ್ನು ಕೂಡಿಸಿ ಹೊಸದು ಮಾಡುವುದಕ್ಕೆ ಎಸ್.795 ಕಾಫಿ ತಳಿ ಒಳ್ಳೆಯ ನಿದರ್ಶನ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಶುರುವಾದ ಕಾಫಿ ಸಂಶೋಧನಾ ಕೇಂದ್ರದಲ್ಲಿ, ತುಕ್ಕುರೋಗ ತಡೆಯುವ ಗುಣವಿದ್ದ ಎಸ್.288 ಹಾಗೂ ರುಚಿಗೆ ಹೆಸರಾದ ಕೆಂಟ್ಸ್ ತಳಿಗಳನ್ನು ಕೂಡಿಸಿ ಇದನ್ನು ಪಡೆದರು. 1940ರ ದಶಕದಲ್ಲಿ ಬೆಳೆಗಾರರ ಕೈಗೆ ಬಂತು. ಕೆಂಟ್ಸ್ ಕೂಡ ಮೈಸೂರು ಸೀಮೆಯ ಬೆಳೆಗಾರರೊಬ್ಬರು ಉಳಿದೆಲ್ಲ ಗಿಡಗಳಿಗೂ ರೋಗ ತಗುಲಿದಾಗ ತಗುಲದೆ ನಿಂತ ಗಿಡವನ್ನು ಗುರುತಿಸಿ ಉಳಿಸಿದ್ದರಿಂದ ಸಿಕ್ಕಿದ ತಳಿ. ಸಕಲೇಶಪುರದ ಅರೇಬಿಕಾ ತೋಟಗಳಲ್ಲಿ ಎಸ್.795 ಇಂದಿಗೂ ಇದೆ.

ನಕ್ಷತ್ರದ ಎರಡು ನಕ್ಷೆ

ಸಕಲೇಶಪುರದ ದೋಣಿಗಾಲ್ ಬಳಿ ಗುಡ್ಡದ ತಲೆಯ ಮೇಲೆ ಟಿಪ್ಪು ಸುಲ್ತಾನ್ 1792ರ ಹೊತ್ತಿಗೆ ಕಟ್ಟಿಸಿದ ಮಂಜರಾಬಾದ್ ಕೋಟೆಗೆ ಎಂಟು ಮೂಲೆಯ ನಕ್ಷತ್ರದ ಆಕಾರ. ಇದು ಫ್ರೆಂಚ್ ಕೋಟೆಗಾರಿಕೆಯಿಂದ ಬಂದ ನಕ್ಷೆ. ಗೋಡೆ ನೇರವಾಗಿದ್ದರೆ ಅದರ ಬುಡಕ್ಕೆ ಬಂದು ನಿಂತ ಶತ್ರು ಮೇಲಿನವರಿಗೆ ಕಾಣುವುದಿಲ್ಲ. ಮೂಲೆಗಳು ಚಾಚಿಕೊಂಡಿದ್ದರೆ ಒಂದು ಮೂಲೆಯ ಬಂದೂಕು ಪಕ್ಕದ ಮೂಲೆಯ ಬುಡವನ್ನು ಕಾಯುತ್ತದೆ. ಯುರೋಪಿನ ಸಪಾಟು ನೆಲಕ್ಕೆ ಬೆಳೆದ ಆ ನಕ್ಷೆಯನ್ನು ಘಟ್ಟದ ದಾರಿ ಕಾಯುವ ಗುಡ್ಡದ ನೆತ್ತಿಗೆ ಏರಿಸಿದ್ದಾರೆ. ನಡುವೆ ಶಿಲುಬೆಯಾಕಾರದ ನೀರಿನ ಕೊಳ, ನೆಲದಡಿಯಲ್ಲಿ ಮದ್ದು ಇಡುವ ತಂಪಾದ ಕೋಣೆಗಳು.

ಇಲ್ಲಿಂದ ಬಡಗಣಕ್ಕೆ ಹೊರಟರೆ ಬೇಲೂರಿನಲ್ಲಿ ಹೊಯ್ಸಳರ ಚೆನ್ನಕೇಶವ ದೇವಾಲಯ, 1117ರದ್ದು. ಅದರ ಜಗತಿಯೂ ಗೋಡೆಯೂ ನಕ್ಷತ್ರದಂತೆ ಒಳಸರಿದು ಹೊರಚಾಚುತ್ತವೆ. ಅಲ್ಲಿ ಬಂದೂಕಿನ ಚಿಂತೆಯಿಲ್ಲ. ಮೂಲೆ ಹೆಚ್ಚಿದಷ್ಟೂ ಶಿಲ್ಪ ಕೂರಿಸಲು ಜಾಗ ಹೆಚ್ಚು, ಬೆಳಕು ನೆರಳು ಬೀಳುವ ಮುಖಗಳು ಹೆಚ್ಚು. ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಡುಸಾಗುವ ಬಳಪದ ಕಲ್ಲು ಆ ನಯಗೆಲಸವನ್ನು ಸಾಧ್ಯವಾಗಿಸಿತು. ಒಂದು ದಿನದಲ್ಲಿ ಎರಡನ್ನೂ ನೋಡಬಹುದಾದಷ್ಟು ಹತ್ತಿರದಲ್ಲಿರುವ ಈ ಕಟ್ಟಡಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪ್ರಶ್ನೆಗಳು ಒಂದೇ ಜಾತಿಯ ಆಕಾರಕ್ಕೆ ಬಂದು ಮುಟ್ಟಿವೆ. ಆಕಾರ ಹೊಸದಾಗಿದೆಯೇ ಎಂದು ಕೇಳುವುದಕ್ಕಿಂತ ಅದು ಯಾವ ಕಷ್ಟಕ್ಕೆ ಉತ್ತರವಾಗಿ ಬಂತು ಎಂದು ಕೇಳಿದರೆ ಕಲಿಯುವುದು ಹೆಚ್ಚು.

ನೆರೆಹೊರೆಯ ಬರಹಗಾರರು

ಸಕಲೇಶಪುರಕ್ಕೆ ತಾಗಿಕೊಂಡಿರುವ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿ (1938–2007) ನವ್ಯದ ದಾರಿ ಮುಗಿಯಿತೆಂದು 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲೇ ಹೇಳಿ, ಹೊಸ ದಿಗಂತ ಹುಡುಕಲು ಹೊರಟವರು. ಅವರಿಗೆ ಅದು ಸಿಕ್ಕಿದ್ದು ಮನೆಯ ಸುತ್ತಮುತ್ತಲೇ. 1980ರ ‘ಕರ್ವಾಲೊ’ ಜೇನುತುಪ್ಪ ಕೊಳ್ಳಲು ಹೋದ ಬೆಳೆಗಾರನೊಬ್ಬನ ಮಾಮೂಲಿ ಕೆಲಸದಿಂದ ಶುರುವಾಗಿ, ಹಾರುವ ಓತಿಯನ್ನು ಹುಡುಕುತ್ತ ಜೀವವಿಕಾಸದ ಪ್ರಶ್ನೆಯವರೆಗೆ ಹೋಗುತ್ತದೆ. ಪೇಟೆಯ ಪಂಡಿತರು ಲೆಕ್ಕಕ್ಕೇ ಇಡದ ಮಂದಣ್ಣನಿಗೆ ಕಾಡಿನ ವಿಷಯದಲ್ಲಿ ವಿಜ್ಞಾನಿಗಿಂತ ಹರಿತವಾದ ಕಣ್ಣಿದೆ ಎಂಬುದೇ ಆ ಕಾದಂಬರಿಯ ಪ್ರಾಣ. ತೇಜಸ್ವಿ ಹಕ್ಕಿಗಳ ಫೋಟೋ ತೆಗೆದರು, ಮೀನು ಹಿಡಿದರು, ಬಣ್ಣದ ಚಿತ್ರ ಬರೆದರು, ಕನ್ನಡದ ತಂತ್ರಾಂಶಕ್ಕಾಗಿ ಹೋರಾಡಿದರು. ಇವು ಬರವಣಿಗೆಯ ನಡುವಿನ ಬಿಡುವಿನ ಹವ್ಯಾಸಗಳೆಂದು ಬರೆಯುವವರುಂಟು. ನಿಜದಲ್ಲಿ ಬರವಣಿಗೆಗೆ ಸರಕು ಬರುತ್ತಿದ್ದದ್ದೇ ಆ ದಾರಿಗಳಿಂದ.

ಹಾಸನದ ಬಾನು ಮುಷ್ತಾಕ್ ಅವರಿಗೆ ಸರಕು ಬಂದದ್ದು ಇನ್ನೊಂದು ಕಡೆಯಿಂದ. ‘ಲಂಕೇಶ್ ಪತ್ರಿಕೆ’ಯ ವರದಿಗಾರ್ತಿಯಾಗಿ, ಆಮೇಲೆ ವಕೀಲರಾಗಿ ಅವರು ಕೇಳಿಸಿಕೊಂಡ ಹೆಂಗಸರ ಸಂಕಟಗಳು ಕಥೆಗಳ ಬೇರಿನಲ್ಲಿವೆ. ಅವರ 12 ಕಥೆಗಳನ್ನು ಕೊಡಗಿನ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕಕ್ಷಿದಾರಳ ಅರ್ಜಿಯಲ್ಲಿ ಹಿಡಿಸದೆ ಉಳಿದ ಮಾತು ಕಥೆಗೆ ಬೇಕಾಗುವ ಮಾತು ಎಂಬುದನ್ನು ಅವರ ಬರಹ ತೋರಿಸುತ್ತದೆ.

ಸಿನಿಮಾದವರಿಗೆ ಈ ಸೀಮೆಯ ಮಳೆಯೇ ವಸ್ತುವಾಯಿತು. 2006ರ ಡಿಸೆಂಬರ್ ಕೊನೆಗೆ ತೆರೆಕಂಡ ಯೋಗರಾಜ್ ಭಟ್ಟರ ‘ಮುಂಗಾರು ಮಳೆ’ಯ ಚಿತ್ರೀಕರಣ ಸಕಲೇಶಪುರ, ಮಡಿಕೇರಿ, ಜೋಗದ ಸುತ್ತ ನಡೆಯಿತು. ಮಳೆ ಬಂದರೆ ಕ್ಯಾಮೆರಾ ಮುಚ್ಚಿಡುವುದು ವಾಡಿಕೆ; ಇಲ್ಲಿ ಮಳೆಯೇ ಒಂದು ಪಾತ್ರದಂತೆ ಕಥೆಯುದ್ದಕ್ಕೂ ಸುರಿಯಿತು.

ಹುಡುಕುವ ಬಗೆ

ಇಷ್ಟನ್ನು ನೋಡಿದ ಮೇಲೆ, ಹೊಳಹು ಬೇಕೆನ್ನುವವರು ಏನು ಮಾಡಬೇಕೆಂಬುದಕ್ಕೆ ಕೆಲವು ಮಾತುಗಳನ್ನು ಧೈರ್ಯವಾಗಿ ಹೇಳಬಹುದು. ಮೊದಲನೆಯದು ಸಂಗ್ರಹ. ಕರೀಂಖಾನ್ ಹಾಡು ಕೂಡಿಸಿದಂತೆ, ಎಲಿಯಟ್ ಮರಗಳ ಹೆಸರು ಬರೆದಿಟ್ಟಂತೆ, ಉಪಯೋಗವೇನೆಂದು ತಿಳಿಯುವ ಮೊದಲೇ ಕೂಡಿಸಬೇಕು. ಕೇಳಿದ ಮಾತನ್ನು ಅದೇ ದಿನ, ಆಡಿದವರ ಉಚ್ಚಾರದಲ್ಲೇ ಬರೆದಿಟ್ಟುಕೊಂಡರೆ ಹತ್ತು ವರ್ಷದ ಮೇಲೂ ಅದಕ್ಕೆ ಜೀವವಿರುತ್ತದೆ. ಸಾರಾಂಶ ಬರೆದರೆ ಉಳಿಯುವುದು ನಮ್ಮ ಮಾತು ಮಾತ್ರ.

ಇನ್ನೊಂದು, ತನ್ನ ಕಸುಬಿನ ಆಚೆಯವರ ಜೊತೆ ಒಡನಾಟ. ತೇಜಸ್ವಿಗೆ ಮಂದಣ್ಣನಂಥವರ ಸಂಗ ಇಲ್ಲದಿದ್ದರೆ, ಬಾನು ಅವರಿಗೆ ಕೋರ್ಟಿನ ಒಡನಾಟ ಇಲ್ಲದಿದ್ದರೆ ಅವರ ಬರಹ ಬೇರೆಯೇ ಆಗಿರುತ್ತಿತ್ತು. ತೋಟದಲ್ಲಿ ಲೆಕ್ಕ ಬರೆಯುವ ರೈಟರಿಗೆ ಗೊತ್ತಿರುವುದು ಸಾಹುಕಾರರಿಗೆ ಗೊತ್ತಿರುವುದಿಲ್ಲ, ಲೈನ್ ಮನೆಗಳಲ್ಲಿರುವ ಆಳುಗಳಿಗೆ ಗೊತ್ತಿರುವುದು ಇಬ್ಬರಿಗೂ ಗೊತ್ತಿರುವುದಿಲ್ಲ. ಕುಳಿತು ಕೇಳುವ ವ್ಯವಧಾನ ಇದ್ದವರಿಗೆ ಮೂರೂ ಸಿಗುತ್ತದೆ.

ಸಿಕ್ಕಿದ್ದನ್ನು ಅದರ ಜಾಗದಿಂದ ಎತ್ತಿ ಬೇರೆ ಕಡೆ ಇಟ್ಟು ನೋಡುವ ಅಭ್ಯಾಸವೂ ಬೇಕು: ಹರಿಕಥೆಯನ್ನು ಕಾದಂಬರಿಯಲ್ಲಿ, ಕನ್ನಡದ ಲಯವನ್ನು ಇಂಗ್ಲಿಷಿನಲ್ಲಿ. ಎಷ್ಟೋ ಸಲ ಅದು ಕೂಡುವುದಿಲ್ಲ. ಕೂಡದಿದ್ದದ್ದನ್ನು ಸ್ವಲ್ಪ ಕಾಲ ಮರೆತು ಬೇರೆ ಕೆಲಸಕ್ಕೆ ಹೋಗುವುದು, ಮತ್ತೆ ಬರುವುದು, ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಇನ್ನೂ ಬಗೆಹರಿಯದ್ದು

ಈ ಸೀಮೆಯ ಜನ ಇಂದು ಹೊಸ ಯೋಚನೆಗಾಗಿ ಅತ್ಯಂತ ಕಾತರದಿಂದ ಕಾಯುತ್ತಿರುವುದು ಆನೆಯ ವಿಷಯದಲ್ಲಿ. ಸಕಲೇಶಪುರ, ಆಲೂರು, ಯಸಳೂರು ಕಡೆಗಳಲ್ಲಿ ಆನೆಗಳು ಹಗಲು ಕಾಫಿ ತೋಟದ ನೆರಳಲ್ಲಿ ನಿಂತು ರಾತ್ರಿ ಗದ್ದೆಗೆ ಇಳಿಯುತ್ತವೆ. ಮುಂಜಾನೆ ಕೆಲಸಕ್ಕೆ ಹೊರಟ ಕೂಲಿಯವರು ತೋಟದ ದಾರಿಯಲ್ಲಿ ಅವುಗಳಿಗೆ ಎದುರಾಗಿ ಪ್ರಾಣ ಕಳೆದುಕೊಂಡಿದ್ದಾರೆ. ಹೈಕೋರ್ಟಿನ ಆದೇಶದ ಬಳಿಕ 2014ರಲ್ಲಿ ಆಲೂರು ಸುತ್ತಿನಿಂದ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಬೇರೆ ಆನೆಗಳು ಬಂದು ಆ ಜಾಗ ಸೇರಿದವು.

ಆಮೇಲೆ ಬಂದ ಯೋಚನೆ ಬೇರೆ ದಿಕ್ಕಿನದು. ತಮಿಳುನಾಡಿನ ವಾಲ್ಪಾರೈನ ಚಹಾ ತೋಟಗಳಲ್ಲಿ ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನ ಸಂಶೋಧಕರು ಆನೆ ಎಲ್ಲಿದೆ ಎಂಬುದನ್ನು ಎಸ್‌ಎಂಎಸ್ ಮತ್ತು ಕೆಂಪು ದೀಪಗಳ ಮೂಲಕ ಜನರಿಗೆ ಮೊದಲೇ ತಿಳಿಸುವ ವ್ಯವಸ್ಥೆ ಮಾಡಿದ್ದರು. ಆನೆಯನ್ನು ಓಡಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಅವರು ಆನೆಗೆ ಜನ ಎದುರಾಗದಂತೆ ಮಾಡುವುದು ಹೇಗೆ ಎಂದು ತಿರುಗಿಸಿ ಕೇಳಿದ್ದರು. ಅದನ್ನು ಅರಣ್ಯ ಇಲಾಖೆಯ ಜೊತೆಗೂಡಿ ಹಾಸನದ ಈ ಭಾಗಕ್ಕೂ ತಂದು, ಮೊಬೈಲ್ ಸಂದೇಶ, ಧ್ವನಿಕರೆ, ರಸ್ತೆಬದಿಯ ವಿದ್ಯುತ್ ಫಲಕಗಳ ಮೂಲಕ ಎಚ್ಚರಿಕೆ ಕೊಡಲಾಗುತ್ತಿದೆ. ಆದರೆ ಸಂದೇಶ ಜೀವ ಉಳಿಸಬಲ್ಲದು, ಬೆಳೆಯನ್ನಲ್ಲ. ಆನೆಯ ಕಾಟಕ್ಕೆ ಬೇಸತ್ತು ಭತ್ತದ ಗದ್ದೆ ಪಾಳು ಬಿಟ್ಟವರಿದ್ದಾರೆ. ಅವರ ಗದ್ದೆಗೆ ಮತ್ತೆ ನೇಗಿಲು ಇಳಿಯುವಂಥ ಉಪಾಯ ಇನ್ನೂ ಯಾರಿಗೂ ಹೊಳೆದಿಲ್ಲ. ಆನೆಯ ದಾರಿ, ಹೊತ್ತು, ರುಚಿ ಬಲ್ಲ ಗದ್ದೆಯ ರೈತರನ್ನೂ ತೋಟದ ಆಳುಗಳನ್ನೂ ಅಧಿಕಾರಿಗಳ ಸಭೆಗಳಲ್ಲಿ ಜೊತೆಗೆ ಕೂರಿಸಿಕೊಂಡು ಕೇಳುವ ಕೆಲಸ ಇನ್ನೂ ಬಹಳ ಬಾಕಿ ಇದೆ.